ನೀರು ಒಳಗೆ ಬಂದದ್ದು ಹೇಗೆ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ. ಮನೆ ಮುಂದಿನ ಕಣದಲ್ಲಿ ಟ್ರ್ಯಾಕ್ಟರಿಗೆ ಕೊಂಡಿ ಹಾಕಿಯೇ ನಿಲ್ಲಿಸಿದ ಎರಡು ಚಕ್ರದ ಟ್ರೈಲರ್. ಮಾತಾಡುತ್ತಿರುವವರು ಇಬ್ಬರು. ಒಬ್ಬಳು ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಈಗ ಹಿಪ್ಪುನೇರಳೆ ತೋಟವನ್ನೂ ಹುಳುಮನೆಯನ್ನೂ ನೋಡಿಕೊಳ್ಳುತ್ತಿರುವವಳು. ಇನ್ನೊಬ್ಬರು ಅವಳ ಸೋದರಮಾವ. ಅವರು ಮರದ ಗಾಡಿಯ ಕಾಲದಿಂದ ಗಾಲಿ ಬಿಚ್ಚಿ ಜೋಡಿಸಿದವರು.

— ಮಾವ, ಬಲಗಡೆ ಗಾಲಿ ಗೊರಗೊರ ಅಂತಿದೆ. ತಿಪ್ಪೆಗೊಬ್ಬರ ಹೊಡೆಯುವಾಗ ಶುರುವಾಯಿತು. ಅಚ್ಚಿನ ಬೇರಿಂಗ್ ಹೋಗಿದೆ ಅಂತ ನನಗನ್ನಿಸುತ್ತೆ. ಗ್ಯಾರೇಜಿಗೆ ಎಳೆದುಕೊಂಡು ಹೋಗೋದಾ, ಇಲ್ಲೇ ಬಿಚ್ಚೋದಾ?

— ಗಾಲಿಯ ನಡುವಿನ ಗುಂಬ ಮುಟ್ಟಿ ನೋಡಿದೆಯಾ?

— ನೋಡಿದೆ. ಎಡಗಡೆಯದು ಬೆಚ್ಚಗಿತ್ತು. ಬಲಗಡೆಯದರ ಮೇಲೆ ಕೈ ನಿಲ್ಲಲಿಲ್ಲ.

— ಈ ಟ್ರೈಲರಿಗೆ ಬ್ರೇಕೇ ಇಲ್ಲ. ಹಾಗಾಗಿ ಆ ಬಿಸಿ ಬೇರಿಂಗಿನದ್ದೇ, ಅನುಮಾನ ಬೇಡ. ಇಷ್ಟು ಬಿಸಿಯಾದದ್ದನ್ನು ಮತ್ತೆ ಎಳೆದುಕೊಂಡು ಹೋದರೆ ಅಚ್ಚಿನ ತುದಿಯೂ ಸವೆಯುತ್ತೆ. ಬೇರಿಂಗಿನ ಬೆಲೆಗೆ ಮುಗಿಯೋದು ಅಚ್ಚಿನ ಬೆಲೆಗೆ ಹೋಗುತ್ತೆ. ಇಲ್ಲೇ ಬಿಚ್ಚೋಣ. ಮನೆಯಲ್ಲಿ ಈ ಕೆಲಸ ಮಾಡಬಹುದು ಅಷ್ಟೇ ಅಲ್ಲ, ಮನೆಯಲ್ಲೇ ಚೆನ್ನಾಗಿ ಆಗುತ್ತೆ. ಗ್ಯಾರೇಜಿನಲ್ಲಿ ಹಳೆಯದು ಕಿತ್ತು ಹೊಸದು ಬಡಿದು ಕಳಿಸ್ತಾರೆ, ಅವರಿಗೆ ಸಾಲಾಗಿ ಗಾಡಿ ನಿಂತಿರ್ತವೆ. ಹಳೆಯದು ಯಾಕೆ ಸತ್ತಿತು ಅಂತ ನೋಡೋಕೆ ಪುರುಸೊತ್ತು ಬೇಕು. ಅದು ನಮಗಿದೆ.

— ಸೋಮವಾರದೊಳಗೆ ಆಗಬೇಕು. ಹುಳು ಗೂಡಿಗೆ ಏರಿವೆ. ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳೋಕಾಗಲ್ಲ, ರಾಮನಗರದ ಮಾರುಕಟ್ಟೆಗೆ ಹೋಗಲೇಬೇಕು.

— ಗೂಡಿನ ಭಾರಕ್ಕೆ ಟ್ರೈಲರ್ ಯಾಕೆ, ಆಟೋ ಸಾಕು. ಟ್ರೈಲರನ್ನು ಮಾರುಕಟ್ಟೆ ದಿನಕ್ಕೆ ಗಂಟು ಹಾಕಬೇಡ. ಅವಸರದಲ್ಲಿ ಕೂರಿಸಿದ ಬೇರಿಂಗ್ ಮತ್ತೆ ಬಿಚ್ಚಿಸುತ್ತೆ.

— ಸರಿ. ಜಾಕ್ ತಂದಿದ್ದೀನಿ. ಕೊಂಡಿ ಕಳಚಲಾ?

— ಬೇಡವೇ ಬೇಡ. ಎರಡು ಚಕ್ರದ್ದು ಇದು, ಕೊಂಡಿ ಕಳಚಿದರೆ ಮೂತಿ ಮೇಲೋ ಕೆಳಗೋ ಹೋಗುತ್ತೆ. ಟ್ರ್ಯಾಕ್ಟರಿಗೆ ಸಿಕ್ಕಿಸಿಯೇ ಇರಲಿ. ಗೇರಿನಲ್ಲಿ ಬಿಡು, ಹ್ಯಾಂಡ್‌ಬ್ರೇಕ್ ಎಳಿ, ಎಡಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡು. ಗಾಲಿ ನೆಲದ ಮೇಲಿರುವಾಗಲೇ ಅದರ ನಟ್ಟುಗಳನ್ನು ಸಡಿಲ ಮಾಡು. ಆಮೇಲೆ ಜಾಕು ಅಚ್ಚಿನ ಕೆಳಗೆ. ಎತ್ತಿದ ಮೇಲೆ ಜಾಕಿನ ಮೇಲೆ ಭಾರ ಬಿಡಬಾರದು. ಮರದ ದಿಮ್ಮಿ ಇಟ್ಟು ಅದರ ಮೇಲೆ ಇಳಿಸು.

— ಸಿಮೆಂಟ್ ಬ್ಲಾಕುಗಳಿವೆ.

— ಟೊಳ್ಳು ಬ್ಲಾಕು ಒಂದು ಸದ್ದೂ ಮಾಡದೆ ಪುಡಿಯಾಗುತ್ತೆ. ಸೈಜುಗಲ್ಲು ಇಡಬಹುದು, ಆದರೆ ಮೇಲೊಂದು ದಪ್ಪ ಹಲಗೆ ಹಾಕು. ಕಬ್ಬಿಣ ಕಲ್ಲಿನ ಮೇಲೆ ಜಾರುತ್ತೆ. ಈಗ ಗಾಲಿಯನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸು.

— ಕಟಕಟ ಅಂತ ಆಡುತ್ತೆ. ತಿರುಗಿಸಿದರೆ ಒಳಗೆ ಮರಳು ಅರೆದ ಹಾಗಿದೆ.

— ಬಿಚ್ಚು. ಮುಚ್ಚಳ, ಸ್ಪ್ಲಿಟ್ ಪಿನ್, ಕ್ಯಾಸಲ್ ನಟ್, ವಾಷರ್. ಹೊರಗಿನ ಬೇರಿಂಗ್ ಕೈಗೆ ಬರುತ್ತೆ, ಬೀಳಿಸಬೇಡ. ಆಮೇಲೆ ಗುಂಬವನ್ನೇ ನೇರವಾಗಿ ಹೊರಗೆ ಎಳಿ. ಒಳಗಿನ ಬೇರಿಂಗೂ ಸೀಲೂ ಅದರ ಜೊತೆಗೇ ಬರ್ತವೆ.

ಇಲ್ಲಿಂದ ಮುಂದಿನ ಅರ್ಧ ಗಂಟೆ ಅವರು ಹೊಸ ಬೇರಿಂಗಿನ ಮಾತೇ ಆಡಲಿಲ್ಲ. ಹಳೆಯದನ್ನು ಡೀಸೆಲ್‌ನಲ್ಲಿ ತೊಳೆದು ಬಿಳಿ ಬಟ್ಟೆಯ ಮೇಲೆ ಹರಡಿ ಕೂತರು. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಈ ಅರ್ಧ ಗಂಟೆ ಎಂದು ನನಗೆ ಅನ್ನಿಸುತ್ತದೆ.

— ತೊಳೆಯೋಕೆ ಮುಂಚೆ ಗ್ರೀಸಿನ ಬಣ್ಣ ನೋಡಿದೆಯಾ?

— ಒಳಗಿನ ಕಡೆಯದು ಹಾಲು ಕಲಸಿದ ಹಾಗೆ ಬೆಳ್ಳಗಿತ್ತು. ಹೊರಗಿನದು ಮಾತ್ರ ಕಂದು.

— ನೀರು ಸೇರಿದ ಗ್ರೀಸು ಬೆಳ್ಳಗಾಗುತ್ತೆ. ಅಂದರೆ ಮುಚ್ಚಳದ ಕಡೆಯಿಂದ ಬಂದಿಲ್ಲ, ಹಿಂದಿನ ಸೀಲಿನ ಕಡೆಯಿಂದ ಬಂದಿದೆ. ಈಗ ಕಪ್ಪಿನ, ಅಂದರೆ ಬೇರಿಂಗಿನ ಹೊರರಿಂಗಿನ, ಒಳಮೈ ನೋಡು, ಬೆಳಕಿಗೆ ಹಿಡಿದು.

— ಕೆಳಗಡೆ ತುಕ್ಕಿನ ಗೆರೆಗಳಿವೆ. ಒಂದೇ ಅಂತರದಲ್ಲಿ, ಸಾಲಾಗಿ. ಅದೇ ರೋಲರುಗಳ ನಡುವಿನ ಅಂತರ ಅಲ್ವಾ?

— ಅದೇ. ಗಾಡಿ ನಿಂತಿದ್ದಾಗ ನೀರು ಒಳಗಿತ್ತು. ರೋಲರ್ ಕೂತ ಜಾಗದಲ್ಲೇ ತುಕ್ಕು ಹಿಡಿದಿದೆ. ಆಮೇಲೆ ಓಡಿಸಿದಾಗ ಆ ಗೆರೆಗಳಿಂದ ಉಕ್ಕು ಚಕ್ಕೆ ಎದ್ದಿದೆ. ಆ ಚಕ್ಕೆಗಳೇ ನೀನು ಕೇಳಿದ ಮರಳು. ಯಾವಾಗ ನಿಂತಿತ್ತು, ನೆನಪು ಮಾಡಿಕೋ.

— ಆಯುಧಪೂಜೆಗೆ ತೊಳೆಸಿದ್ದು. ವಾಟರ್ ಸರ್ವಿಸ್‌ನಲ್ಲಿ ಪಂಪಿನಿಂದ ಗುಂಬದ ಹಿಂದೆಲ್ಲ ಮಣ್ಣು ಹೋಗುವ ಹಾಗೆ ಹೊಡೆದರು. ಹೂವು, ಕುಂಬಳಕಾಯಿ, ಎಲ್ಲ ಆಯಿತು. ಆಮೇಲೆ ರಾಗಿ ಕುಯ್ಲಿನ ತನಕ ಇಲ್ಲೇ ನಿಂತಿತ್ತು.

— ಗಾಡಿ ಎಲ್ಲಿಂದ ಬಂದಿತ್ತು ಅಲ್ಲಿಗೆ?

— ಹೊಲದಿಂದ ನೇರವಾಗಿ.

— ಅಂದರೆ ಗುಂಬ ಬಿಸಿಯಾಗಿತ್ತು. ಬಿಸಿ ಗುಂಬದ ಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತೆ. ಕುಗ್ಗಿದ ಜಾಗಕ್ಕೆ ಏನಾದರೂ ಬರಬೇಕಲ್ಲ, ಸೀಲಿನ ತುಟಿ ಸ್ವಲ್ಪ ಹಳೆಯದಾಗಿದ್ದರೆ ನೀರನ್ನೇ ಹೀರುತ್ತೆ. ಪಂಪಿನ ಒತ್ತಡ ಬೇರೆ. ಹಳ್ಳ ದಾಟುವಾಗಲೂ ಆಗೋದು ಇದೇ. ಅರ್ಕಾವತಿಗೆ ಇಳಿಸಿ ಗಾಲಿ ಮುಳುಗಿಸಿ ಗಾಡಿ ತೊಳೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ಪೂಜೆ ಮಾಡೋದು ತಪ್ಪಲ್ಲ. ತೊಳೆದ ಮೇಲೆ ಅವತ್ತೇ ಎರಡು ಮೈಲಿ ಓಡಿಸಿ, ಮಾರನೆ ದಿನ ಗ್ರೀಸು ನೋಡಬೇಕು.

— ಹಾಗಾದರೆ ಬೇರಿಂಗ್ ಬದಲಾಯಿಸಿ ಸೀಲ್ ಹಳೆಯದೇ ಇಟ್ಟರೆ...

— ಮುಂದಿನ ಆಯುಧಪೂಜೆಗೆ ಮತ್ತೆ ಇಲ್ಲೇ ಕೂರ್ತೀಯ. ಇಷ್ಟು ದೊಡ್ಡ ಉಕ್ಕಿನ ಸಾಮಾನು ಸಾಯೋದು ಅಷ್ಟಗಲದ ರಬ್ಬರಿನಿಂದ. ಅಂಗಡಿಯಲ್ಲಿ ಬೇರಿಂಗಿಗೆ ಚೌಕಾಸಿ ಮಾಡಿ ಸೀಲನ್ನು ಮರೆಯುವವರೇ ಜಾಸ್ತಿ.

— ಈ ಹೊರಗಿನ ಬೇರಿಂಗ್ ನೋಡಿ. ತುಕ್ಕಿಲ್ಲ, ಆದರೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಕಪ್ಪು ಗುಳಿಗಳಿವೆ.

— ಕೊಡು ಇಲ್ಲಿ. ಹೂಂ. ಪಕ್ಕದ ಹಲಗೆ ಮುರಿದಾಗ ಟ್ರೈಲರಿಗೆ ವೆಲ್ಡಿಂಗ್ ಮಾಡಿಸಿದ್ದೆಯಲ್ಲ, ಅರ್ತ್ ಕ್ಲಿಪ್ಪು ಎಲ್ಲಿಗೆ ಹಾಕಿದ್ದರು?

— ಗಾಲಿಯ ಬೋಲ್ಟಿಗೆ. ನನಗೆ ಆವತ್ತು ಹೊಳೆಯಲೇ ಇಲ್ಲ. ಕರೆಂಟು ಬಾಡಿಯಿಂದ ಅಚ್ಚಿಗೆ, ಅಚ್ಚಿನಿಂದ ರೋಲರುಗಳ ಮೂಲಕ ಗಾಲಿಗೆ ಹಾದಿದೆ. ರೋಲರ್ ಕಪ್ಪನ್ನು ಮುಟ್ಟುವ ಕಡೆಯಲ್ಲೆಲ್ಲ ಕಿಡಿ ಹಾರಿ ಉಕ್ಕು ಕರಗಿದೆ.

— ವೆಲ್ಡಿಂಗ್ ಮಾಡುವ ಜಾಗದ ಪಕ್ಕದಲ್ಲೇ, ಅದೇ ಕಬ್ಬಿಣಕ್ಕೆ ಕ್ಲಿಪ್ಪು ಹಾಕಬೇಕು. ನಡುವೆ ತಿರುಗುವ ಸಾಮಾನು ಯಾವುದೂ ಇರಬಾರದು. ಇದನ್ನು ವೆಲ್ಡಿಂಗ್ ಹುಡುಗರಿಗೆ ನಾವೇ ನಿಂತು ಹೇಳಬೇಕು.

— ಭಾರದ ವಿಷಯವನ್ನೂ ಹೇಳಿಬಿಡ್ತೀನಿ ಮಾವ, ನಿಮಗೆ ಕೋಪ ಬಂದರೂ ಸರಿ. ಮನೆ ಕಟ್ಟುವಾಗ ಇದೇ ಟ್ರೈಲರಿನಲ್ಲಿ ಸೈಜುಗಲ್ಲು ಹೊಡೆಸಿದಿರಿ. ಪಟ್ಟೆ ಸ್ಪ್ರಿಂಗು ಮಟ್ಟಸವಾಗಿ ಕೂತಿತ್ತು.

— ಆಗ ಮುರಿದಿಲ್ಲವಲ್ಲ.

— ಆಗ ಮುರಿಯಲ್ಲ, ಅದೇ ಸಮಸ್ಯೆ. ಬೇರಿಂಗಿನ ಆಯಸ್ಸಿಗೆ ಒಂದು ಲೆಕ್ಕ ಇದೆ. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಲ್ಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ್ದು, ಇವತ್ತಿಗೂ ಎಲ್ಲ ಕಂಪನಿಗಳ ಕ್ಯಾಟಲಾಗಿಗೂ ಅದೇ ಆಧಾರ. ಪ್ರತಿ ಬೇರಿಂಗಿಗೂ ಒಂದು ಭಾರ ನಮೂದಿಸಿರ್ತಾರೆ. ಆ ಭಾರ ಹೊತ್ತರೆ ನೂರಕ್ಕೆ ತೊಂಬತ್ತು ಬೇರಿಂಗುಗಳು 10 ಲಕ್ಷ ಸುತ್ತು ತಿರುಗುತ್ತವೆ. ನಮ್ಮ ಟ್ರೈಲರಿನ ಟೈರು ಒಂದು ಸುತ್ತಿಗೆ ಸುಮಾರು 2.8 ಮೀಟರ್ ಹೋಗುತ್ತೆ. ಅಂದರೆ 10 ಲಕ್ಷ ಸುತ್ತು ಬರೀ 2,800 ಕಿಲೋಮೀಟರ್.

— ಅಷ್ಟೇನಾ? ಇದು ಅದಕ್ಕಿಂತ ಎಷ್ಟೋ ಪಾಲು ಓಡಿದೆ.

— ಯಾಕೆಂದರೆ ನಾವು ದಿನಾ ಹೊರುವ ಭಾರ ಆ ನಮೂದಿಗಿಂತ ಬಹಳ ಕಡಿಮೆ. ಭಾರ ಕಡಿಮೆಯಾದಂತೆ ಆಯಸ್ಸು ಹತ್ತಾರು ಪಟ್ಟು ಏರುತ್ತೆ. ಆದರೆ ತಿರುಗಿಸಿ ನೋಡಿ. ರೋಲರ್ ಬೇರಿಂಗಿನ ಮೇಲೆ ಭಾರವನ್ನು ಎರಡು ಪಟ್ಟು ಮಾಡಿದರೆ ಆಯಸ್ಸು ಅರ್ಧ ಆಗಲ್ಲ, ಹತ್ತರಲ್ಲಿ ಒಂದು ಪಾಲಾಗುತ್ತೆ. ಗುಂಡಿನ ಬೇರಿಂಗಾದರೆ ಎಂಟರಲ್ಲಿ ಒಂದು. ಒಂದು ಟ್ರಿಪ್ಪು ಉಳಿಸೋಕೆ ಎರಡರಷ್ಟು ಹೇರಿದರೆ, ಆ ಒಂದು ಟ್ರಿಪ್ಪಿನಲ್ಲಿ ಹತ್ತು ಟ್ರಿಪ್ಪಿನ ಸವೆತ.

— ಕನಕಪುರದ ಕ್ವಾರಿಗಳಲ್ಲಿ ಕಲ್ಲು ಹೇರುವವರಿಗೆ ಇದನ್ನು ಹೇಳಬೇಕು.

— ಮೊದಲು ನಮ್ಮ ಮನೆಯಿಂದ ಶುರು ಮಾಡೋಣ.

— ಆಯಿತು ಬಿಡು. ಹೊಸದಕ್ಕೆ ಏನು ಕೇಳ್ತೀಯ ಅಂಗಡಿಯಲ್ಲಿ? ಟ್ರ್ಯಾಕ್ಟರ್ ಟ್ರೈಲರ್ ಬೇರಿಂಗ್ ಕೊಡಿ ಅಂದರೆ ಅವರಿಗೆ ಖರ್ಚಾಗದ್ದನ್ನು ಕೊಡ್ತಾರೆ.

— ನಂಬರ್ ಕೇಳ್ತೀನಿ. ಇದರ ಮೇಲೇ ಕೊರೆದಿದೆ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳತೂತಿನ ಮಿಲಿಮೀಟರ್ ಬರುತ್ತೆ. 32210 ಅಂದರೆ 50 ಮಿಲಿಮೀಟರ್, 30206 ಅಂದರೆ 30. ಬೈಕಿನ ಗಾಲಿಗೆ ಹಾಕುವ ಗುಂಡಿನ ಬೇರಿಂಗಿಗೂ ಇದೇ ಲೆಕ್ಕ, 6205ಕ್ಕೆ 25. ನಾಲ್ಕಕ್ಕಿಂತ ಕೆಳಗಿನದ್ದು ಮಾತ್ರ ಬೇರೆ. 6202ಕ್ಕೆ 15, 6203ಕ್ಕೆ 17. ಯಾವ ದೇಶದ ಯಾವ ಕಂಪನಿ ಮಾಡಿದರೂ ಈ ಅಳತೆ ಬದಲಾಗಲ್ಲ. ಇಂಚಿನ ಅಳತೆಯವಾದರೆ ರೋಲರುಗಳಿರುವ ಕೋನಿಗೊಂದು, ಕಪ್ಪಿಗೊಂದು ಬೇರೆ ಬೇರೆ ನಂಬರ್. ಎರಡನ್ನೂ ಬರೆದುಕೊಳ್ಳಬೇಕು.

— ಹಳೆಯದನ್ನೂ ಜೇಬಿನಲ್ಲಿ ಹಾಕಿಕೊಂಡು ಹೋಗು. ನಕಲಿ ಮಾಲು ಬಹಳ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೂ, ಇಲ್ಲೇ ಕನಕಪುರದಲ್ಲಿ ತಗೊಂಡರೂ ಬಿಲ್ಲು ಕೇಳು. ಬಿಲ್ಲು ಕೊಡದವರ ಹತ್ತಿರ ಬೇರಿಂಗ್ ಬೇಡ. ಇನ್ನೊಂದು, ಈ ಹೊರಗಿನ ಕಪ್ಪು ನುಣ್ಣಗಿದ್ದಿದ್ದರೆ ನಾನು ಅದನ್ನು ಬಿಟ್ಟು ಕೋನು ಮಾತ್ರ ಹಾಕ್ತಿದ್ದೆ.

— ಅದಕ್ಕೆ ನಾನು ಒಪ್ಪಲ್ಲ. ಕೋನೂ ಕಪ್ಪೂ ಒಂದಕ್ಕೊಂದು ಹೊಂದಿಕೊಂಡು ಸವೆದಿರ್ತವೆ. ಹೊಸ ರೋಲರನ್ನು ಹಳೆಯ ಕಪ್ಪಿನಲ್ಲಿ ಓಡಿಸಿದರೆ ಹೊಸದೂ ಬೇಗ ಹೋಗುತ್ತೆ. ಜೋಡಿಯಾಗಿಯೇ ಬದಲಾಯಿಸಬೇಕು.

— ನಾನು ಹಾಕಿದವು ಓಡಿವೆ.

— ಎಷ್ಟು ದಿನ ಓಡಬೇಕಿತ್ತು ಅನ್ನೋದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದಕ್ಕೇ ಜೋಡಿ.

ಅವರು ಇದಕ್ಕೆ ಉತ್ತರ ಕೊಡಲಿಲ್ಲ. ನನ್ನ ಮತ ಅವಳ ಕಡೆಗೆ.

— ಈ ಓರೆ ರೋಲರ್ ಇದೆಯಲ್ಲ, ಇದನ್ನು ಮೊದಲು ಮಾಡಿದವನು ಯಾರು? ನನಗೆ ಇದನ್ನು ಕಂಡರೆ ಬಹಳ ಗೌರವ. ಮಟ್ಟಸ ರಸ್ತೆಯಲ್ಲಿ ಭಾರ ಬರೀ ಕೆಳಕ್ಕೆ. ನಮ್ಮ ಗಾಡಿದಾರಿಯಲ್ಲಿ ಒಂದು ಗಾಲಿ ಜಾಡಿಗೆ ಇಳಿದರೆ ಭಾರವೆಲ್ಲ ಪಕ್ಕಕ್ಕೆ ತಳ್ಳುತ್ತೆ. ಎರಡನ್ನೂ ಇದೊಂದೇ ತಡೆಯುತ್ತೆ.

— ಹೆನ್ರಿ ಟಿಮ್‌ಕೆನ್ ಅಂತ, ಅಮೆರಿಕದ ಸೇಂಟ್ ಲೂಯಿಸ್ ಊರಿನವರು. ಕುದುರೆಗಾಡಿ ಮಾಡುತ್ತಿದ್ದವರು ಮಾವ. ಭಾರದ ಬಂಡಿ ತಿರುವಿನಲ್ಲಿ ತಿರುಗುವಾಗ ಅಚ್ಚಿನ ಮೇಲೆ ಪಕ್ಕದ ಒತ್ತಡ ಬಿದ್ದು ಸವೆಯುತ್ತೆ ಅನ್ನೋದೇ ಅವರ ಚಿಂತೆ. 1898ರಲ್ಲಿ ಓರೆ ರೋಲರಿಗೆ ಪೇಟೆಂಟ್ ಸಿಕ್ಕಿತು. ಗುಂಡಿನ ಬೇರಿಂಗೂ ಬಂಡಿಯಿಂದಲೇ ಬಂದದ್ದು. ವೇಲ್ಸಿನ ಫಿಲಿಪ್ ವಾನ್ 1794ರಲ್ಲಿ ಪೇಟೆಂಟ್ ತಗೊಂಡದ್ದು ಗಾಡಿಯ ಅಚ್ಚಿಗೆ.

— ಗಾಡಿಯವರೇ ಕಂಡುಹಿಡಿದದ್ದು ಅನ್ನು. ನಮ್ಮ ಮರದ ಗಾಡಿಗೆ ಇದ್ಯಾವುದೂ ಇರಲಿಲ್ಲ. ಗುಂಬದೊಳಗೆ ಕಬ್ಬಿಣದ ಬಳೆ, ಅಚ್ಚು, ನಡುವೆ ಕೀಲೆಣ್ಣೆ, ಕೊನೆಗೆ ಕಡಾಣಿ. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿ ಕೀಲೆಣ್ಣೆ ಮಾಡಿ ಗಾಡಿ ಕೆಳಗೆ ನೇತುಹಾಕ್ತಿದ್ದೆವು. ಅದು ಒಣಗಿದರೆ ಗಾಡಿ ಅಳುತ್ತಿತ್ತು, ಎತ್ತು ಎಳೆಯೋಕೆ ಒದ್ದಾಡುತ್ತಿತ್ತು. ಆ ಎಣ್ಣೆ ಹಾಕದೆ ಹೊರಟ ಗಾಡಿಯ ಎತ್ತುಗಳ ಹೆಗಲು ನೋಡಬೇಕಿತ್ತು ನೀನು.

— ಐಐಎಂ ಬೆಂಗಳೂರಿನ ಮೊದಲ ನಿರ್ದೇಶಕರು ಎನ್. ಎಸ್. ರಾಮಸ್ವಾಮಿ ಅಂತ. ದೊಡ್ಡ ಕಂಪನಿಗಳಿಗೆ ಮ್ಯಾನೇಜರುಗಳನ್ನು ತಯಾರು ಮಾಡಬೇಕಾದ ಸಂಸ್ಥೆಯಲ್ಲಿ ಕೂತು ಎತ್ತಿನ ಗಾಡಿಯನ್ನು ಸುಧಾರಿಸಬೇಕು ಅಂತ ವರ್ಷಗಟ್ಟಲೆ ಹೋರಾಡಿದರು. ಅದಕ್ಕೆ ಕಾರ್ಟ್‌ಮನ್ ಅಂತ ಸಂಸ್ಥೆಯನ್ನೂ ಕಟ್ಟಿದರು. ಗಾಡಿಯ ಘರ್ಷಣೆ ಕಡಿಮೆಯಾದರೆ ಎತ್ತಿನ ನೋವೂ ಕಡಿಮೆ ಅನ್ನೋದು ಅವರ ವಾದದಲ್ಲಿತ್ತು.

— ದೊಡ್ಡ ಮನುಷ್ಯರು. ಟ್ರ್ಯಾಕ್ಟರಿಗೆ ಹೆಗಲಿಲ್ಲ, ನೋವು ಹೇಳಿಕೊಳ್ಳಲ್ಲ. ಅದಕ್ಕೇ ನಾವು ಗುಂಬ ಮುಟ್ಟಿ ನೋಡೋದನ್ನು ಬಿಟ್ಟಿದ್ದೇವೆ. ಡೀಸೆಲ್ ಜಾಸ್ತಿ ಕುಡಿಯುತ್ತೆ, ಅಷ್ಟೇ.

ಬೇರಿಂಗ್ ತಂದದ್ದು ಮಾರನೆಯ ದಿನ. ಜೋಡಿಸಲು ಕೂತದ್ದು ಅದರ ಮರುದಿನ.

— ಹಳೆಯ ಕಪ್ಪನ್ನು ತೆಗೆಯೋದು ಹೇಗೆ ಮಾವ? ಗುಂಬದೊಳಗೆ ಅಂಟಿ ಕೂತಿದೆ.

— ಹಿಂದಿನಿಂದ ನೋಡು, ಎದುರುಬದುರು ಎರಡು ಕಚ್ಚು ಕಾಣುತ್ತೆ. ಅಲ್ಲಿ ಹಿತ್ತಾಳೆ ಸರಳು ಇಟ್ಟು ಒಂದೇಟು ಈ ಕಡೆ, ಒಂದೇಟು ಆ ಕಡೆ. ಒಂದೇ ಕಡೆ ಹೊಡೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತೆ. ಕಣ್ಣಿಗೆ ಕನ್ನಡಕ ಹಾಕಿಕೋ. ಬೇರಿಂಗಿನ ಉಕ್ಕು ಬಹಳ ಗಡಸು, ಅದಕ್ಕೆ ಉಕ್ಕಿನ ಸುತ್ತಿಗೆ ನೇರ ಬಿದ್ದರೆ ಚೂರು ಸಿಡಿಯುತ್ತೆ. ಕಣ್ಣು ಹೋದವರಿದ್ದಾರೆ.

— ಹೊಸ ಕಪ್ಪನ್ನು ರಾತ್ರಿಯೆಲ್ಲ ಫ್ರಿಜ್ಜಿನ ಫ್ರೀಜರಿನಲ್ಲಿ ಇಟ್ಟಿದ್ದೆ. ಉಕ್ಕು ಕುಗ್ಗುತ್ತೆ. ಗುಂಬವನ್ನು ಬಿಸಿಲಲ್ಲಿ ಕಾಯೋಕೆ ಬಿಟ್ಟಿದ್ದೀನಿ.

— ಒಳ್ಳೇದು. ಈಗ ಹಳೆಯ ಕಪ್ಪನ್ನು ಅದರ ಮೇಲೆ ತಿರುಗಿಸಿ ಇಟ್ಟು, ಹಳೆಯದಕ್ಕೆ ತಟ್ಟು. ಹಳೆಯದನ್ನು ಗ್ರೈಂಡರಿನಲ್ಲಿ ಒಂದು ಕಡೆ ಸೀಳಿದ್ದೀನಿ, ಒಳಗೆ ಸಿಕ್ಕಿಕೊಳ್ಳದ ಹಾಗೆ. ಸದ್ದು ಕೇಳು. ಮೊದಲು ಟೊಳ್ಳು ಸದ್ದು, ತಳಕ್ಕೆ ಕೂತಾಗ ಗಟ್ಟಿ ಸದ್ದು. ಅದಾದ ಮೇಲೆ ಹೊಡೆಯಬೇಡ.

— ಬಿಗಿಯಾಗಿ ಕೂರಬೇಕಾದ ರಿಂಗಿಗೇ ಬಲ ಹಾಕಬೇಕು ಅನ್ನೋದು ಇದಕ್ಕೇ ಅಲ್ವಾ. ಗುಂಡಿನ ಬೇರಿಂಗಿನಲ್ಲಿ ಹೊರರಿಂಗು ಕೂರಿಸೋಕೆ ಒಳರಿಂಗಿಗೆ ಹೊಡೆದರೆ, ಏಟು ಗುಂಡುಗಳ ಮೂಲಕ ಹೋಗಿ ಹಾದಿಯಲ್ಲಿ ಗುಳಿ ಬೀಳುತ್ತೆ. ಹೊಸ ಬೇರಿಂಗು ಮೊದಲ ದಿನವೇ ಹಳೆಯದಾಗುತ್ತೆ.

— ನೀನು ಹಾಗೆ ಓದಿದೆ, ನಾನು ಹಾಗೆ ಕಲಿತೆ. ಗ್ರೀಸು ತಗೋ. ಅಂಗೈ ತೊಳೆದು ಒರೆಸಿಕೊಂಡಿದ್ದೀಯ ತಾನೆ? ಅಂಗೈಯಲ್ಲಿ ಒಂದು ಮುದ್ದೆ ಇಟ್ಟುಕೊಂಡು ಕೋನಿನ ದಪ್ಪ ತುದಿಯನ್ನು ಅದಕ್ಕೆ ಒತ್ತುತ್ತಾ ಬಾ. ಚಕ್ಕುಲಿ ಒರಳಿನಿಂದ ಬರುವ ಹಾಗೆ ರೋಲರುಗಳ ಸಂದಿಯಿಂದ ಮೇಲಕ್ಕೆ ಬರಬೇಕು. ಸುತ್ತಲೂ ಹಾಗೇ. ಮೇಲೆ ಬಳಿದರೆ ಗ್ರೀಸು ಹಾಕಿದ ಹಾಗಲ್ಲ. ಉಳಿದದ್ದನ್ನು ಗುಂಬದೊಳಗೆ ತುಂಬಿಬಿಡು.

— ತುಂಬಲ್ಲ. ಒಳಗೆ ಮೂರನೇ ಒಂದು ಭಾಗ ಸಾಕು. ತುಂಬಿದರೆ ಗ್ರೀಸು ಕಡೆದುಕೊಂಡು ಬಿಸಿಯಾಗುತ್ತೆ, ಬಿಸಿಯಾದರೆ ಸೀಲಿನಿಂದ ಹೊರಗೆ ತಳ್ಳಿಕೊಳ್ಳುತ್ತೆ. ಹಳೆಯ ಗ್ರೀಸನ್ನೂ ಪೂರ್ತಿ ಒರೆಸಿದ್ದೀನಿ. ಬೇರೆ ಬೇರೆ ಜಾತಿಯ ಗ್ರೀಸು ಬೆರೆತರೆ ನೀರಾಗುವುದುಂಟು. ಇದು ಲಿಥಿಯಂ ಗ್ರೀಸು, ಇನ್ನು ಮುಂದೆ ಇದನ್ನೇ.

— ಹಾಗೇ ಆಗಲಿ. ಸೀಲು?

— ಸ್ಪ್ರಿಂಗ್ ಇರುವ ತುಟಿ ಒಳಕ್ಕೆ, ಗ್ರೀಸಿನ ಕಡೆಗೆ. ಅಚ್ಚಿನ ಮೇಲೆ ತುಟಿ ಉಜ್ಜುವ ಜಾಗದಲ್ಲಿ ಗೆರೆ ಬಿದ್ದಿತ್ತು. ನಯವಾದ ಎಮರಿ ಕಾಗದದಿಂದ ಉಜ್ಜಿದ್ದೀನಿ, ಉಗುರಿಗೆ ತಗಲ್ತಾ ಇಲ್ಲ.

— ಅಲ್ಲಿ ಗೆರೆ ಇದ್ದರೆ ಹೊಸ ಸೀಲೂ ಸೋರುತ್ತಿತ್ತು. ಒಳ್ಳೆ ಕೆಲಸ. ಈಗ ಗುಂಬ ಏರಿಸು, ಹೊರಗಿನ ಕೋನು, ವಾಷರು, ನಟ್ಟು. ಬಿಗಿ ಮಾಡುವಾಗ ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತಲೇ ಇರು, ರೋಲರುಗಳು ತಮ್ಮ ಜಾಗಕ್ಕೆ ಸರಿದು ಕೂರಬೇಕು. ತಿರುಗೋದು ಭಾರ ಅನ್ನಿಸುವ ತನಕ ಬಿಗಿ ಮಾಡು. ಬಂತಾ? ಈಗ ಒಂದು ಕಚ್ಚಿನಷ್ಟು ಹಿಂದಕ್ಕೆ ಬಿಡು.

— ಪೂರ್ತಿ ಬಿಗಿಯಾಗಿದ್ದರೆ ಭದ್ರ ಅಲ್ವಾ ಅಂತ ಎಲ್ಲರೂ ಕೇಳ್ತಾರೆ.

— ಬಿಗಿಯಾಗಿದ್ದರೆ ಬಿಸಿಯಾಗಿ ಉಕ್ಕು ಹಿಗ್ಗುತ್ತೆ, ಹಿಗ್ಗಿದರೆ ಇನ್ನೂ ಬಿಗಿ. ಕೊನೆಗೆ ನೀಲಿ ಬಣ್ಣಕ್ಕೆ ತಿರುಗಿ ಹಿಡಿದುಕೊಳ್ಳುತ್ತೆ. ತೀರಾ ಸಡಿಲ ಬಿಟ್ಟರೆ ಗಾಲಿ ಓಲಾಡಿ ಸೀಲನ್ನು ಕೊಲ್ಲುತ್ತೆ. ಹಿಡಿದು ಅಲ್ಲಾಡಿಸಿದರೆ ಆಡುತ್ತೋ ಇಲ್ಲವೋ ಅನ್ನುವಷ್ಟು, ಮಿಲಿಮೀಟರಿನ ಹತ್ತನೇ ಒಂದು ಪಾಲು. ಹೊಸ ಸ್ಪ್ಲಿಟ್ ಪಿನ್ ಹಾಕು, ಹಳೆಯದನ್ನು ನೆಟ್ಟಗೆ ಮಾಡಿ ಹಾಕಬೇಡ. ಕಡಾಣಿ ಮುರಿದರೆ ಗಾಲಿಯೇ ಉರುಳಿಕೊಂಡು ಹೋಗುತ್ತೆ ಅನ್ನೋದು ಗಾಡಿಯವರೆಲ್ಲ ಕಂಡದ್ದೇ.

— ನನ್ನ ಜೊತೆ ಓದಿದವನೊಬ್ಬ ಕನಕಪುರ ರಸ್ತೆಯ ರೆಸಾರ್ಟೊಂದರಲ್ಲಿ ಎಟಿವಿಗಳನ್ನು ನೋಡಿಕೊಳ್ತಾನೆ. ಕೆಸರಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು. ಪ್ರತಿ ಮಳೆಗಾಲ ಹಿಂದಿನ ಅಚ್ಚಿನ ಬೇರಿಂಗ್ ಹೋಗುತ್ತೆ ಅಂತ ಗೋಳಾಡ್ತಾನೆ. ಇದೇ ಕ್ರಮವಾ ಅದಕ್ಕೂ?

— ನಾನು ಅದನ್ನು ಬಿಚ್ಚಿಲ್ಲ. ಒಳಗೆ ಹೇಗಿದೆ ಹೇಳು.

— ಚೈನಿನಿಂದ ಓಡುವವುಗಳಲ್ಲಿ ಅಚ್ಚೇ ತಿರುಗುತ್ತೆ. ಎರಡು ಗಾಲಿಗೂ ಒಂದೇ ಸರಳು, ಡಿಫರೆನ್ಷಿಯಲ್ ಇಲ್ಲ. ಆ ಸರಳು ಒಂದು ಲೋಹದ ಮನೆಯೊಳಗೆ ಹಾದುಹೋಗುತ್ತೆ. ಮನೆಯ ಎರಡು ತುದಿಗೆ ಒಂದೊಂದು ಗುಂಡಿನ ಬೇರಿಂಗು, ಹೊರಗೆ ಸೀಲು, ಎರಡರ ನಡುವೆ ಒಂದು ಕೊಳವೆ. ಒಂದು ಕಡೆ ಚೈನಿನ ಸ್ಪ್ರಾಕೆಟ್, ಇನ್ನೊಂದು ಕಡೆ ಬ್ರೇಕಿನ ಡಿಸ್ಕು. ಅಚ್ಚಿನ ದೊಡ್ಡ ನಟ್ಟು ಬಿಚ್ಚಿ, ಸರಳನ್ನು ಮರದ ಸುತ್ತಿಗೆಯಿಂದ ಹೊರಕ್ಕೆ ತಟ್ಟಬೇಕು. ಅವನು ಹೇಳೋ ಪ್ರಕಾರ ಹೊಸದು ಹಾಕಿದವರು ನಡುವಿನ ಕೊಳವೆಯನ್ನು ಮರೆತು ಜೋಡಿಸಿಬಿಡ್ತಾರೆ.

— ಮರೆತರೆ ನಟ್ಟು ಬಿಗಿ ಮಾಡಿದಷ್ಟೂ ಎರಡು ಒಳರಿಂಗುಗಳು ಒಂದರ ಕಡೆಗೊಂದು ಸರಿದು ಗುಂಡುಗಳನ್ನು ಪಕ್ಕಕ್ಕೆ ಒತ್ತುತ್ತವೆ.

— ಅದೇ. ಅಲ್ಲಿ ಕೊಳವೆ ಮಾಡೋ ಕೆಲಸವನ್ನು ಇಲ್ಲಿ ನೀವು ಕೈಯಲ್ಲಿ ಮಾಡಿದಿರಿ, ಒಂದು ಕಚ್ಚು ಹಿಂದಕ್ಕೆ ಬಿಟ್ಟು.

— ಅವನ ಗಾಡಿಗಳೂ ಓಡಿ ಬಿಸಿಯಾದ ಕೂಡಲೇ ಪಂಪಿನ ಕೆಳಗೆ ಹೋಗ್ತವೇನೋ ಕೇಳು. ಪ್ರತಿ ಮಳೆಗಾಲ ಅಂತ ಅವನೇ ಹೇಳ್ತಿದ್ದಾನಲ್ಲ. ತೊಳೆಯೋಕೆ ಮುಂಚೆ ಆರೋಕೆ ಬಿಡಲಿ, ಸೀಲಿನ ಮೇಲೆ ನೇರವಾಗಿ ಹೊಡೆಯದಿರಲಿ. ಅಷ್ಟು ಮಾಡಿ ಒಂದು ಮಳೆಗಾಲ ನೋಡಲಿ.

— ಹೇಳ್ತೀನಿ. ಈಗ ಒಂದು ಸುತ್ತು ಓಡಿಸಿಕೊಂಡು ಬರಲಾ?

— ಖಾಲಿ ಗಾಡಿ, ನಿಧಾನಕ್ಕೆ, ಕೆರೆ ಏರಿ ತನಕ. ಬಂದ ಮೇಲೆ ಎರಡು ಗುಂಬಕ್ಕೂ ಅಂಗೈ ಇಡು. ಎರಡೂ ಒಂದೇ ಬಿಸಿ ಇದ್ದರೆ ಸರಿ. ನಾಳೆ ಗೊಬ್ಬರ ಹೊಡೆದ ಮೇಲೆ ಮುಚ್ಚಳ ತೆಗೆದು ನಟ್ಟು ಮತ್ತೆ ನೋಡಬೇಕು. ಹೊಸ ಕಪ್ಪು ಭಾರಕ್ಕೆ ಇನ್ನೂ ಸ್ವಲ್ಪ ಒಳಗೆ ಕೂತು ಆಟ ಜಾಸ್ತಿಯಾಗಿರುತ್ತೆ.

— ಎಡಗಡೆಯದು? ಅದು ಸದ್ದು ಮಾಡ್ತಿಲ್ಲ, ಬಿಸಿಯೂ ಇಲ್ಲ.

— ಅದೂ ಅವತ್ತೇ ಪಂಪಿನ ಕೆಳಗೆ ಇತ್ತಲ್ಲ.

— ಹಾಗಾದರೆ ಭಾನುವಾರ ಬಿಚ್ತೀನಿ. ಗ್ರೀಸು ಬೆಳ್ಳಗಿದ್ದರೆ ಸೀಲು ಬದಲಾಯಿಸ್ತೀನಿ. ಕಪ್ಪಿನಲ್ಲಿ ಗೆರೆ ಇಲ್ಲದಿದ್ದರೆ ಬೇರಿಂಗ್ ತೊಳೆದು ಅದನ್ನೇ ಹಾಕ್ತೀನಿ.

— ಸೀಲು ಹೇಗಿದ್ದರೂ ಬದಲಾಯಿಸು. ಎರಡು ತಂದಿದ್ದೀಯೋ ಒಂದೇನೋ?

— ಎರಡು ತಂದಿದ್ದೀನಿ ಮಾವ.